ಲೂಯಿ ಬ್ರೈಲ್

ಗ್ರಂಥಾಲಯದಲ್ಲಿ ಪುಸ್ತಕವಿದ್ದ ಮಾತ್ರಕ್ಕೆ ಅದು ಎಲ್ಲರಿಗೂ ದಕ್ಕಿತೆನ್ನಲಾಗದು. ದೃಷ್ಟಿಹೀನರ ಬೆರಳಿಗೆ ಅಕ್ಷರವನ್ನಿತ್ತ ಲೂಯಿ ಬ್ರೈಲನ ಜೀವನವು ಈ ಮಾತಿಗೆ ಸಾಕ್ಷಿಯಾಗಿದೆ.

ಬ್ರೈಲನು 1809ರ ಜನವರಿ 4ರಂದು ಫ್ರಾನ್ಸಿನ ಕೂವ್ರೆ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯದು ಕುದುರೆಯ ಜೀನು, ಲಗಾಮುಗಳನ್ನು ತಯಾರಿಸುವ ಕಸಬು. ಮೂರು ವರ್ಷದ ಮಗು ತಂದೆಯ ಕೆಲಸದ ಮನೆಯಲ್ಲಿ ಆಡುತ್ತಿದ್ದಾಗ, ಚರ್ಮಕ್ಕೆ ತೂತು ಹಾಕುವ ಚೂಪಾದ ಉಪಕರಣವು ಒಂದು ಕಣ್ಣಿಗೆ ಚುಚ್ಚಿತು. ನಂಜು ಮತ್ತೊಂದಕ್ಕೂ ಹಬ್ಬಿ, ಎರಡು ಕಣ್ಣುಗಳೂ ಹೋದವು.

1819ರಲ್ಲಿ ಆತನು ಪ್ಯಾರಿಸ್ಸಿನ ಅಂಧರ ಶಾಲೆಯನ್ನು ಸೇರಿದನು. ಅಲ್ಲಿದ್ದುವು ಸಾಮಾನ್ಯ ಅಕ್ಷರಗಳನ್ನೇ ಉಬ್ಬಾಗಿ ಅಚ್ಚೊತ್ತಿದ ಕೆಲವೇ ಗ್ರಂಥಗಳು. ಅವು ಬಹಳ ಭಾರ. ಒಂದೊಂದು ಅಕ್ಷರವನ್ನೂ ತಡವಿ ಓದುವುದು ಬಹಳ ನಿಧಾನ. ಆ ರೀತಿಯಲ್ಲಿ ಬರೆಯುವುದಂತೂ ವಿದ್ಯಾರ್ಥಿಗಳಿಗೆ ಸಾಧ್ಯವಿರಲಿಲ್ಲ.

ಸೈನ್ಯಾಧಿಕಾರಿಯಾಗಿದ್ದ ಬಾರ್ಬಿಯೇ ಎಂಬಾತನು ಹನ್ನೆರಡು ಚುಕ್ಕೆಗಳ ಲಿಪಿಯೊಂದನ್ನು ರಚಿಸಿದ್ದನು. ಬ್ರೈಲನು ಚುಕ್ಕೆಗಳನ್ನು ಆರಕ್ಕೆ ಇಳಿಸಿದನು. ಆರೂ ಚುಕ್ಕೆಗಳು ಬೆರಳ ತುದಿಗೆ ಒಮ್ಮೆಲೇ ಸಿಗುವುವು. ಅವುಗಳ ಜೋಡಣೆಯಿಂದ 63 ಸಂಕೇತಗಳಾಗುವುವು. 1824ರಲ್ಲಿ ಈ ಲಿಪಿ ರೂಪುಗೊಂಡಾಗ ಆತನಿಗೆ ಕೇವಲ 15 ವರ್ಷ. 1829ರಲ್ಲಿ ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿ, ಅದೇ ಶಾಲೆಯಲ್ಲಿ ಉಪಾಧ್ಯಾಯನೂ ಆದನು. ಆದರೆ ಕಣ್ಣುಳ್ಳ ಹಿರಿಯರಿಗೆ ಈ ಲಿಪಿ ಹಿಡಿಸಲಿಲ್ಲ. ಕೆಲಕಾಲ ಶಾಲೆಯಲ್ಲಿಯೇ ಅದಕ್ಕೆ ತಡೆಯುಂಟಾಯಿತು. ವಿದ್ಯಾರ್ಥಿಗಳು ಮಾತ್ರ ಗುಟ್ಟಾಗಿ ಬರೆದುಕೊಂಡು ಓದಿದರು. ಕ್ಷಯರೋಗಿಯಾದ ಬ್ರೈಲನು 1852ರ ಜನವರಿ 6ರಂದು, 43ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಫ್ರಾನ್ಸ್ ದೇಶವು ಆತನ ಲಿಪಿಯನ್ನು ಅಂಗೀಕರಿಸಿದುದು 1854ರಲ್ಲಿ! 1952ರಲ್ಲಿ ಆತನ ಅಸ್ಥಿಗಳನ್ನು ಪ್ಯಾರಿಸ್ಸಿನ ಪಾಂಥಿಯನ್ನಿನಲ್ಲಿ ಇಟ್ಟು ಗೌರವಿಸಿದರು. ಕೈಗಳನ್ನು ಮಾತ್ರ ಹುಟ್ಟೂರಿನಲ್ಲಿಯೇ ಉಳಿಸಿಕೊಂಡರು.

1951ರಲ್ಲಿ ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ ರೂಪುಗೊಂಡಿತು. ಕನ್ನಡವನ್ನೂ ಈಗ ಅದೇ ಆರು ಚುಕ್ಕೆಗಳಲ್ಲಿ ಓದುತ್ತಾರೆ. ಆದರೂ ಒಂದು ಕೆಲಸ ಉಳಿದಿದೆ. ಓದುಗನು ಪುಸ್ತಕವನ್ನು ಮೊದಲು ಹುಡುಕುವುದು ಗ್ರಂಥಾಲಯದ ಸೂಚಿಯಲ್ಲಿ. ಹೆಸರು, ಕರ್ತೃಗಳ ಜೊತೆಗೆ ಆ ಪ್ರತಿಯು ಬ್ರೈಲಿನದೋ, ಧ್ವನಿಮುದ್ರಿತವೋ, ದೊಡ್ಡಕ್ಷರದ್ದೋ, ಎಷ್ಟು ಸಂಪುಟಗಳದೋ ಎಂಬುದನ್ನು ಸೂಚಿ ತಿಳಿಸಬೇಕು. ಸಾಮಾನ್ಯ ಅಚ್ಚಿನ ಒಂದು ಪುಸ್ತಕವು ಬ್ರೈಲಿನಲ್ಲಿ ಹಲವು ಸಂಪುಟಗಳಾಗುವುದುಂಟು. ಆ ಸೂಚಿಯೂ ಬ್ರೈಲಿನಲ್ಲಾಗಲಿ, ಗಣಕಯಂತ್ರವು ಓದಿ ಹೇಳುವಂತಾಗಲಿ ಇರಬೇಕು. ಇಲ್ಲವಾದರೆ ತನ್ನ ಪುಸ್ತಕ ಯಾವುದೆಂದು ತಿಳಿಯಲು ಆತನು ಮತ್ತೆ ಇನ್ನೊಬ್ಬರ ಕಣ್ಣನ್ನೇ ಆಶ್ರಯಿಸಬೇಕು. ಆ ಪರಾಧೀನತೆಯನ್ನು ತಪ್ಪಿಸುವುದಕ್ಕಾಗಿಯೇ ಅಲ್ಲವೇ ಬ್ರೈಲನು ದುಡಿದದ್ದು?