ಡಾ. ಲೆಸ್ಲಿ ಕೋಲ್ಮನ್

ಮಂಡ್ಯವೆಂದೊಡನೆ ಕಬ್ಬಿನ ಗದ್ದೆ, ಆಲೆಮನೆ, ಬೆಲ್ಲದ ಅಚ್ಚುಗಳು ನೆನಪಿಗೆ ಬರುತ್ತವೆ. ಈ ಸೀಮೆಗೆ ಕಬ್ಬು ಹೊಸದಲ್ಲ. ಶ್ರೀರಂಗಪಟ್ಟಣದ ಸುತ್ತಮುತ್ತ ರಸ್ತಾಳಿ, ಪಟ್ಟಾಪಟ್ಟಿ ಎಂಬ ಕಬ್ಬುಗಳನ್ನು ರೈತರು ಬಹುಕಾಲದಿಂದ ಬೆಳೆಯುತ್ತಿದ್ದರು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಹದವನ್ನು ಕಣ್ಣಳತೆಯಿಂದಲೇ ಅರಿಯುವ ಕುಶಲಿಗಳು ಹಳ್ಳಿಗಳಲ್ಲಿದ್ದರು. ಈ ಹಳೆಯ ಕಸುಬಿನ ಪಕ್ಕದಲ್ಲಿ ಹೊಸ ವಿಜ್ಞಾನವನ್ನು ತಂದು ನಿಲ್ಲಿಸಿದವರಲ್ಲಿ ಡಾ. ಲೆಸ್ಲಿ ಕೋಲ್ಮನ್ ಅಗ್ರಗಣ್ಯರು.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿಯೂ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿ, 1908ರಲ್ಲಿ ಕೀಟ ಮತ್ತು ಶಿಲೀಂಧ್ರಗಳ ತಜ್ಞರಾಗಿ ಮೈಸೂರು ಸಂಸ್ಥಾನಕ್ಕೆ ಬಂದರು.

ಆಗ ಮಲೆನಾಡಿನ ಅಡಕೆ ತೋಟಗಳನ್ನು ಕೊಳೆರೋಗವು ಹಾಳುಗೆಡವುತ್ತಿತ್ತು. ಮಳೆಯ ನೀರು ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುವುದು ರೈತರ ಪರಂಪರಾಗತ ಉಪಾಯವಾಗಿತ್ತು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಸಿಸಿದ ಕೋಲ್ಮನ್ನರು, ಮೈಲುತುತ್ತ ಮತ್ತು ಸುಣ್ಣಗಳಿಂದಾದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಔಷಧವು ಹೊಸದು, ಆದರೆ ಅದನ್ನು ಮರದ ತುದಿಗೆ ಮುಟ್ಟಿಸಿದ್ದು ಕೊನೆಗಾರನ ಹಳೆಯ ಕೌಶಲವೇ. ಒಂದಿಲ್ಲದೆ ಇನ್ನೊಂದು ನಿಷ್ಫಲವಾಗುತ್ತಿತ್ತು.

1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಮೇಲೆ ಅವರ ಕಾರ್ಯಕ್ಷೇತ್ರವು ವಿಸ್ತಾರವಾಯಿತು. ಹೆಬ್ಬಾಳದಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. ಉತ್ತಮ ಕಬ್ಬಿನ ತಳಿಗಳಿಗಾಗಿ ಸಂಶೋಧನೆ ನಡೆಯಿತು.

1930ರ ದಶಕದ ಆರಂಭದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳತ್ತ ಹರಿಯತೊಡಗಿತು. ಇದೇ ಮುಂದೆ ವಿಶ್ವೇಶ್ವರಯ್ಯ ನಾಲೆಯೆನಿಸಿತು. ರಾಗಿ ಬೆಳೆಯುತ್ತಿದ್ದ ಬೆದ್ದಲು ಗದ್ದೆಯಾಯಿತು. ಆದರೆ ಅದು ಜಗತ್ತನ್ನೇ ಆವರಿಸಿದ ಆರ್ಥಿಕ ಮುಗ್ಗಟ್ಟಿನ ಕಾಲ. ಬೆಲ್ಲದ ಬೆಲೆ ಕುಸಿದಿತ್ತು. ಎಲ್ಲರೂ ಕಬ್ಬನ್ನೇ ನೆಟ್ಟು ಬೆಲ್ಲವನ್ನೇ ಮಾಡಿದರೆ ಕೊಳ್ಳುವವರಾರು? ನೀರು ಬಂದೂ ರೈತನು ಸಾಲಗಾರನಾಗುವ ಭಯವಿತ್ತು. ಗದ್ದೆಯ ಸಮೀಪದಲ್ಲಿಯೇ ಸಕ್ಕರೆಯ ಕಾರ್ಖಾನೆ ಸ್ಥಾಪನೆಯಾಗಬೇಕೆಂದು ಕೋಲ್ಮನ್ನರು ಶ್ರಮಿಸಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ಮರುವರ್ಷ ಅಲ್ಲಿ ಕಬ್ಬು ಅರೆಯುವ ಕಾರ್ಯ ಆರಂಭವಾಯಿತು. ಸಣ್ಣ ಹಿಡುವಳಿದಾರನ ಕಬ್ಬಿಗೂ ಗಿರಾಕಿ ದೊರೆತಂತಾಯಿತು. ಯಂತ್ರವು ಬಂದರೂ ಆಲೆಮನೆಯ ಒಲೆ ಆರಲಿಲ್ಲ. ಬೆಲ್ಲವೂ ಸಕ್ಕರೆಯೂ ಒಂದೇ ನೆಲದಲ್ಲಿ ಬಾಳಿದವು.

1934ರಲ್ಲಿ ನಿವೃತ್ತರಾದ ಕೋಲ್ಮನ್ನರು 1954ರಲ್ಲಿ ಕೆನಡಾದಲ್ಲಿ ನಿಧನರಾದರು. ಪರದೇಶದಿಂದ ಬಂದವರಾದರೂ ಈ ನಾಡಿನ ರೈತನ ಹಿತವನ್ನೇ ತಮ್ಮ ಹಿತವೆಂದು ಬಗೆದವರು ಅವರು. ಹೊಸ ವಿದ್ಯೆಯು ದುಡಿಯುವವನ ಅನುಭವದೊಡನೆ ಕೂಡಿದಾಗಲೇ ಫಲ ಕೊಡುತ್ತದೆಂಬುದಕ್ಕೆ ಅವರ ಜೀವನವೇ ನಿದರ್ಶನವಾಗಿದೆ.