ಕೋರ್ಟಿನ ಕೂಗಳತೆಯಲ್ಲೇ ಹಂತಕರ ಬಿಡಾರ: ಥಗ್ಗರ ಬೆನ್ನತ್ತಿದ ಸ್ಲೀಮನ್ ಕಥೆ

ನಾಗ್ಪುರ: ರೈಲು ಬರುವ ಮೊದಲು ದಖ್ಖನ್ನಿನಿಂದ ಗಂಗೆಯ ಬಯಲಿಗೆ ಹೋಗುವವರ ದೊಡ್ಡ ದಾರಿ ಎಂದರೆ ನಾಗ್ಪುರ, ಜಬಲ್ಪುರ, ಮಿರ್ಜಾಪುರ. ಯಾತ್ರಿಕರು, ವ್ಯಾಪಾರಿಗಳು, ರಜೆ ಮೇಲೆ ಊರಿಗೆ ಹೊರಟ ಸಿಪಾಯಿಗಳು ಗುಂಪುಗೂಡಿ ನಡೆಯುತ್ತಿದ್ದರು. ಅವರಲ್ಲಿ ಹಲವರು ಮನೆ ಸೇರಲೇ ಇಲ್ಲ. ದಾರಿಯಲ್ಲಿ ಸ್ನೇಹ ಬೆಳೆಸಿ, ಜೊತೆಗೆ ನಡೆದು, ಸಮಯ ನೋಡಿ ಬಟ್ಟೆಯಿಂದ ಕತ್ತು ಬಿಗಿದು ಕೊಂದು ಹೂತುಬಿಡುವ ಗ್ಯಾಂಗುಗಳಿದ್ದವು. ಅವರೇ ಥಗ್ಗರು.

ಅವರಿಗೆ ವರವಾಗಿದ್ದು ಗಡಿಗಳು. ನಾಗ್ಪುರದ ಭೋಂಸ್ಲೆ, ಗ್ವಾಲಿಯರ್‌ನ ಸಿಂಧಿಯಾ, ಭೋಪಾಲ್, ಹೈದರಾಬಾದ್, ಬುಂದೇಲಖಂಡದ ಚಿಕ್ಕಪುಟ್ಟ ಸಂಸ್ಥಾನಗಳು, ನಡುವೆ ಈಸ್ಟ್ ಇಂಡಿಯಾ ಕಂಪನಿ. ಒಂದು ರಾಜ್ಯದಲ್ಲಿ ಕೊಂದು ಇನ್ನೊಂದಕ್ಕೆ ದಾಟಿದರೆ ಕೇಳುವವರಿಲ್ಲ. ಲೂಟಿಯಲ್ಲಿ ಪಾಲು ಪಡೆದು ಆಶ್ರಯ ಕೊಡುವ ಜಮೀನ್ದಾರರೂ ಇದ್ದರು.

ಈ ಕಥೆಗೆ ಕರ್ನಾಟಕದ ನಂಟೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬೆಂಗಳೂರು ಸುತ್ತಮುತ್ತ ಇಂಥ ನೂರರಷ್ಟು ಮಂದಿ ಸಿಕ್ಕಿಬಿದ್ದಾಗಲೇ ಬ್ರಿಟಿಷರಿಗೆ ಇವರ ಸುಳಿವು ಸಿಕ್ಕಿದ್ದು. ಕನ್ನಡ ನಾಡಿನಲ್ಲಿ ಇವರಿಗಿದ್ದ ಹೆಸರು ‘ತಂತಿ ಕಳ್ಳರು’ ಎಂದು ಮದ್ರಾಸಿನ ವೈದ್ಯ ಶೆರ್ವುಡ್ 1816ರಲ್ಲೇ ದಾಖಲಿಸಿದ್ದಾರೆ. ಆ ಬರಹ ಪ್ರಕಟವಾದ ಮೇಲೂ ಹತ್ತಾರು ವರ್ಷ ದೊಡ್ಡ ಕ್ರಮವೇನೂ ಆಗಲಿಲ್ಲ.

ವಿಲಿಯಂ ಹೆನ್ರಿ ಸ್ಲೀಮನ್ ಹುಟ್ಟಿದ್ದು 1788ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. 1809ರಲ್ಲಿ ಬಂಗಾಳ ಸೇನೆ ಸೇರಿ, ನೇಪಾಳ ಯುದ್ಧ ಮುಗಿಸಿ ನರ್ಮದಾ ತೀರದ ಆಡಳಿತಕ್ಕೆ ಬಂದರು. ಅದು ನಾಗ್ಪುರದ ಭೋಂಸ್ಲೆಯಿಂದ 1818ರಲ್ಲಿ ಕಂಪನಿ ಕಿತ್ತುಕೊಂಡಿದ್ದ ಸೀಮೆ. 1822ರಿಂದ 24ರವರೆಗೆ ನರಸಿಂಗಪುರದ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಜಿಲ್ಲೆಯಲ್ಲಿ ನಡೆಯುವ ಸಣ್ಣ ಕಳ್ಳತನವೂ ತನಗೆ ಗೊತ್ತು ಎಂಬ ನಂಬಿಕೆ ಅವರದ್ದು. ವರ್ಷಗಳ ನಂತರ ಸೆರೆಸಿಕ್ಕ ಥಗ್ಗರು ಬಾಯಿಬಿಟ್ಟರು: ಆ ಅವಧಿಯಲ್ಲಿ ಒಂದು ಗ್ಯಾಂಗ್ ವಾಸವಿದ್ದದ್ದು ಕಂದೇಲಿಯಲ್ಲಿ, ಅವರ ಕೋರ್ಟಿನಿಂದ 400 ಗಜವೂ ಇಲ್ಲ. ಸಾಗರ್ ದಾರಿಯಲ್ಲಿ ಒಂದು ದಿನದ ನಡಿಗೆಯ ದೂರದಲ್ಲಿದ್ದ ತೋಪುಗಳು ಹೆಣ ಹೂಳುವ ದೊಡ್ಡ ತಾಣ. ತನ್ನ ಮೂಗಿನ ಕೆಳಗೇ ನಡೆದ ಈ ಸಂಗತಿಯನ್ನು ಸ್ಲೀಮನ್ ಮುಚ್ಚಿಡದೆ ತಾವೇ ಬರೆದರು. ಅಧಿಕಾರಿಗಳಲ್ಲಿ ಇದು ಅಪರೂಪ.

1830ರ ಕೊನೆಗೆ ಫಿರಂಗಿಯಾ ಎಂಬ ಕುಖ್ಯಾತ ನಾಯಕ ಸಿಕ್ಕಿಬಿದ್ದ. ಅದಕ್ಕೂ ಮುನ್ನ ಅವನ ತಾಯಿ, ಹೆಂಡತಿ, ಮಗುವನ್ನು ಸ್ಲೀಮನ್ ಸೆರೆಯಲ್ಲಿಟ್ಟಿದ್ದರು. ಜೀವ ಉಳಿಸಿಕೊಳ್ಳಲು ಮಾಫಿ ಸಾಕ್ಷಿಯಾದ ಫಿರಂಗಿಯಾ, ಸಲೋಡಾದಲ್ಲಿ ಬಿಡಾರದ ಪಕ್ಕದಲ್ಲೇ ನೆಲ ಅಗೆಸಿ ಹೆಣಗಳನ್ನು ತೋರಿಸಿದ. ಒಬ್ಬನಿಂದ ಹತ್ತು ಹೆಸರು, ಹತ್ತರಿಂದ ನೂರು. ಯಾವ ಗ್ಯಾಂಗಿನವನು ಯಾರ ಮಗ, ಯಾರ ಅಳಿಯ ಎಂದು ವಂಶಾವಳಿಗಳನ್ನೇ ಸ್ಲೀಮನ್ ಬರೆದಿಟ್ಟರು.

ಗಡಿ ಸಮಸ್ಯೆಗೆ ಉತ್ತರವಾಗಿ ಬಂದದ್ದು 1836ರ 30ನೇ ಕಾಯ್ದೆ. ಕಂಪನಿಯ ಗಡಿಯೊಳಗಿರಲಿ, ಹೊರಗಿರಲಿ, ಥಗ್ಗರ ಗ್ಯಾಂಗಿಗೆ ಸೇರಿದ್ದ ಎಂದು ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ. ಯಾರನ್ನು, ಎಲ್ಲಿ, ಯಾವಾಗ ಕೊಂದ ಎಂದು ತೋರಿಸಬೇಕಿರಲಿಲ್ಲ. 1826ರಿಂದ 1835ರವರೆಗೆ ವಿಚಾರಣೆಗೆ ಒಳಗಾದವರು 1,562 ಮಂದಿ, ಗಲ್ಲಿಗೇರಿದವರು 382. ಬಹುಪಾಲು ಪ್ರಕರಣಗಳು ನಿಂತಿದ್ದು ತನ್ನ ತಲೆ ಉಳಿಸಿಕೊಳ್ಳಲು ಮಾತನಾಡಿದ ಸಹಚರನ ಹೇಳಿಕೆಯ ಮೇಲೆ. ಥಗ್ಗರು ನಿಜಕ್ಕೂ ಹುಟ್ಟಿನಿಂದಲೇ ಹಂತಕರ ಪಂಥವೇ, ಅಥವಾ ಅದು ಕಂಪನಿ ಬರೆದ ಚಿತ್ರವೇ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಹೂತ ಹೆಣಗಳು ಸುಳ್ಳಲ್ಲ. ಆದರೆ ಶಿಕ್ಷೆಗೊಳಗಾದವರೆಲ್ಲ ಕೊಂದವರೇ ಎಂದು ಹೇಳುವುದು ಕಷ್ಟ. ಹುಟ್ಟಿನಿಂದಲೇ ಅಪರಾಧಿ ಎಂಬ ಈ ಯೋಚನೆ ಮುಂದೆ 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ ಇಡೀ ಸಮುದಾಯಗಳ ಮೇಲೆ ಬಿತ್ತು.

ಜಬಲ್ಪುರದಲ್ಲಿ ಡೈನೋಸಾರ್ ಪಳೆಯುಳಿಕೆಯನ್ನು 1828ರಲ್ಲಿ ಮೊದಲು ಕಂಡವರೂ ಇದೇ ಸ್ಲೀಮನ್ ಎಂಬುದು ಹಲವರಿಗೆ ತಿಳಿದಿಲ್ಲ. ಕೊನೆಗೆ ಲಖನೌದಲ್ಲಿ ರೆಸಿಡೆಂಟ್ ಆಗಿದ್ದು, ಅವಧ್ ಸಂಸ್ಥಾನವನ್ನು ನುಂಗಬೇಡಿ ಎಂದು ಸರ್ಕಾರಕ್ಕೆ ಬರೆದರು. ಕೇಳಿದವರಿಲ್ಲ. 1856ರ ಫೆಬ್ರವರಿ 7ರಂದು ಅವಧ್ ಕಂಪನಿಯ ವಶವಾಯಿತು. ಮೂರು ದಿನದ ಬಳಿಕ, ಊರಿಗೆ ಹೊರಟ ಹಡಗಿನಲ್ಲಿ, ಸಿಲೋನ್ ಬಳಿ ಸ್ಲೀಮನ್ ತೀರಿಕೊಂಡರು. ಜಬಲ್ಪುರದಿಂದ ಕಟ್ನಿಗೆ ಹೋಗುವ ದಾರಿಯಲ್ಲಿ ಸ್ಲೀಮನಾಬಾದ್ ಎಂಬ ಊರು ಈಗಲೂ ಇದೆ.