ಬಸವಣ್ಣ ರಜೆ ಕೇಳಬೇಡಿ ಎಂದಿದ್ದರೇ? ಕಲ್ಯಾಣದ ಭಂಡಾರಿಯ ಬದುಕು ಹೇಳುವುದೇನು

ಈ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಮೇಲೆ ಬಸವಣ್ಣನವರ ಭಾವಚಿತ್ರ. ಕೆಳಗೆ ಕಾಯಕವನ್ನು ಕೈಲಾಸಕ್ಕೆ ಸಮ ಮಾಡುವ ಆ ಎರಡು ಪದಗಳ ಮಾತು. ಅದರ ಕೆಳಗೆ ಯಾರೋ ಸೇರಿಸಿದ ಉಪದೇಶ: ಸಂಬಳ, ರಜೆ ಎಂದು ಲೆಕ್ಕ ಹಾಕದೆ ದುಡಿಯಿರಿ. ಹುಮನಾಬಾದ್ ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳಿಸಿದರು. ಅವರು ಕೆಲಸ ಮಾಡುವಲ್ಲಿನ ವಾಟ್ಸಾಪ್ ಗ್ರೂಪಿಗೆ, ಭಾನುವಾರವೂ ಬನ್ನಿ ಎಂಬ ಸೂಚನೆಯ ಬೆನ್ನಿಗೇ ಈ ಚಿತ್ರ ಬಂತಂತೆ. ಬಸವಣ್ಣನವರು ನಿಜಕ್ಕೂ ಹೀಗೆ ಹೇಳಿದ್ದರೇ ಎಂಬುದು ಅವರ ಪ್ರಶ್ನೆ.

ಹುಮನಾಬಾದಿನಿಂದ ಬಸ್ ಹತ್ತಿದರೆ ಸುಮಾರು ಒಂದು ತಾಸಿನಲ್ಲಿ ಬಸವಕಲ್ಯಾಣ. ಉತ್ತರ ಆ ಊರಿನಲ್ಲೇ ಇದೆ.

ಮೊದಲು, ಆ ಮಾತು ಯಾರದು?

ಕಾಯಕವೆಂಬ ವಿಚಾರವನ್ನು ಕಲ್ಯಾಣದಲ್ಲಿ ಬೆಳೆಸಿದವರು ಬಸವಣ್ಣನವರು, ಅದರಲ್ಲಿ ಅನುಮಾನವಿಲ್ಲ. ಆದರೆ ಚಿತ್ರದ ಕೆಳಗಿನ ಆ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಮಾರಯ್ಯ ಮಂತ್ರಿಯಲ್ಲ, ಮಾಲೀಕನೂ ಅಲ್ಲ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಬಡವ. ದುಡಿಯುವವನು ತನ್ನ ದುಡಿಮೆಯ ಬಗ್ಗೆ ಹೆಮ್ಮೆಯಿಂದ ಆಡಿದ ಮಾತನ್ನು, ದುಡಿಸುವವರು ಆಜ್ಞೆಯಂತೆ ಬಳಸಿದಾಗ ಅರ್ಥವೇ ತಲೆಕೆಳಗಾಗುತ್ತದೆ.

ಗುಮಾಸ್ತರಾಗಿ ಶುರುವಾದ ಬದುಕು

ಬಸವಣ್ಣನವರು ಹುಟ್ಟಿದ್ದು ಈಗಿನ ವಿಜಯಪುರ ಜಿಲ್ಲೆಯ ಬಾಗೇವಾಡಿ ಸೀಮೆಯಲ್ಲಿ, 12ನೇ ಶತಮಾನದಲ್ಲಿ. ಹುಟ್ಟಿದ ವರ್ಷ 1105 ಎನ್ನುವವರೂ ಇದ್ದಾರೆ, 1131 ಎನ್ನುವವರೂ ಇದ್ದಾರೆ. ತಂದೆ ಮಾದರಸ, ತಾಯಿ ಮಾದಲಾಂಬಿಕೆ. ಬ್ರಾಹ್ಮಣ ಮನೆತನದ ಹುಡುಗ ಜನಿವಾರ ಬೇಡವೆಂದು ಮನೆ ಬಿಟ್ಟು, ಕೃಷ್ಣಾ ಮತ್ತು ಮಲಪ್ರಭಾ ಕೂಡುವ ಕೂಡಲಸಂಗಮಕ್ಕೆ ಹೋಗಿ ಕಲಿತ.

ಮುಂದೆ ಅವರು ಹೋದದ್ದು ಮಂಗಳವೇಢೆಗೆ. ಆ ಊರು ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅಲ್ಲಿ ಕಲಚುರಿ ಬಿಜ್ಜಳನ ಆಡಳಿತದಲ್ಲಿ ಕರಣಿಕರಾದರು, ಅಂದರೆ ಲೆಕ್ಕ ಬರೆಯುವ ಗುಮಾಸ್ತ. 1160ರ ಆಸುಪಾಸಿನಲ್ಲಿ ಬಿಜ್ಜಳ ಚಾಲುಕ್ಯರಿಂದ ಕಲ್ಯಾಣದ ಅಧಿಕಾರ ಕಿತ್ತುಕೊಂಡ. ಬಸವಣ್ಣನವರೂ ಕಲ್ಯಾಣಕ್ಕೆ ಬಂದು ಭಂಡಾರಿಯಾದರು. ಇಂದಿನ ಮಾತಿನಲ್ಲಿ ಹಣಕಾಸು ಮಂತ್ರಿ.

ಜಂಗಮರಿಗೆ ರಾಜನ ಬೊಕ್ಕಸ ಸುರಿಯುತ್ತಿದ್ದಾರೆ ಎಂದು ಎದುರಾಳಿಗಳು ಚಾಡಿ ಹೇಳಿದ ಕಥೆ ಪರಂಪರೆಯಲ್ಲಿದೆ. ಲೆಕ್ಕ ತೆಗೆಸಿದಾಗ ಒಂದು ಹಣವೂ ಕಡಿಮೆ ಇರಲಿಲ್ಲವಂತೆ. ಬೇರೆಯವರಿಗೆ ಪ್ರಾಮಾಣಿಕತೆ ಹೇಳುವ ಮೊದಲು ತನ್ನ ಪುಸ್ತಕ ತೆರೆದಿಡಬೇಕು ಎಂಬುದು ಈ ಕಥೆಯ ತಿರುಳು.

ಕಲ್ಯಾಣದಲ್ಲಿ ಜನ ಹುಮ್ಮಸ್ಸಿನಿಂದ ದುಡಿದದ್ದೇಕೆ?

ಅಲ್ಲಿಗೆ ಬಂದವರನ್ನು ನೋಡಿ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ, ಕಸ ಗುಡಿಸುವ ಸತ್ಯಕ್ಕ. ಊರು ಇವರ ಕೆಲಸವನ್ನು ಬಳಸಿಕೊಂಡು, ಆ ಕೆಲಸಕ್ಕಾಗಿಯೇ ಇವರನ್ನು ಕೀಳಾಗಿ ಕಾಣುತ್ತಿತ್ತು. ಬಸವಣ್ಣನವರು ಮೊದಲು ಬದಲಿಸಿದ್ದು ಇದನ್ನು. ಯಾವ ಕೆಲಸವೂ ಕೀಳಲ್ಲ ಎಂದರು, ಇವರ ಜೊತೆ ಕೂತು ಉಂಡರು.

ಎರಡನೆಯದು, ಮಾತಾಡುವ ಹಕ್ಕು. ಅನುಭವ ಮಂಟಪದಲ್ಲಿ ಹಿರಿಯ ಪೀಠ ಮಂತ್ರಿಯಾದ ಬಸವಣ್ಣನವರದ್ದಾಗಿರಲಿಲ್ಲ. ಅದರಲ್ಲಿ ಕೂತವರು ಅಲ್ಲಮಪ್ರಭು. ಹೆಂಗಸರೂ ಕುಶಲಕರ್ಮಿಗಳೂ ಅಲ್ಲಿ ಪ್ರಶ್ನೆ ಕೇಳುತ್ತಿದ್ದರು, ಬಸವಣ್ಣನವರನ್ನೂ ಕೇಳುತ್ತಿದ್ದರು.

ಮೂರನೆಯದು, ಮಿತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಅಲ್ಲೇ ಚೆಲ್ಲಿ ಬಾ ಎಂದು ಗಂಡನನ್ನು ವಾಪಸ್ ಕಳಿಸಿದಳು. ಇದನ್ನು ಓದಿ, ನೋಡಿ ಲಕ್ಕಮ್ಮ ಹೆಚ್ಚು ಕೇಳಲಿಲ್ಲ ಎನ್ನುವ ಬಾಸ್‌ಗಳಿಗೆ ನಮ್ಮದೊಂದು ಮಾತು. ಆ ಮಿತಿ ಹಾಕಿಕೊಂಡವಳು ಲಕ್ಕಮ್ಮನೇ, ಯಾರೂ ಅವಳ ಮೇಲೆ ಹೇರಲಿಲ್ಲ. ಅತಿಯಾಸೆ ಬೇಡವೆಂಬ ನಿಯಮ ಗಲ್ಲಾಪೆಟ್ಟಿಗೆಗೂ ಅನ್ವಯಿಸುತ್ತದೆ. ದುಡಿದು ಮಿಕ್ಕಿದ್ದನ್ನು ಹಂಚಬೇಕು ಎಂಬ ದಾಸೋಹ ಕಾಯಕದ ಇನ್ನೊಂದು ಮುಖ. ಫಾರ್ವರ್ಡುಗಳಲ್ಲಿ ಅದು ಮಾತ್ರ ಕಾಣೆ.

ವಿಜ್ಞಾನ ಏನು ಹೇಳುತ್ತದೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಪುಸ್ತಕದ ಸಾರ ಹೀಗಿದೆ. ಸಂಬಳ, ಕೆಲಸದ ಪರಿಸ್ಥಿತಿ ಸರಿಯಿಲ್ಲದಿದ್ದರೆ ಅಸಮಾಧಾನ ಖಚಿತ. ಅವು ಸರಿಯಿದ್ದರೂ ಹುಮ್ಮಸ್ಸು ಹುಟ್ಟಲು ಮನ್ನಣೆ, ಹೊಣೆ, ಅರ್ಥವಿರುವ ಕೆಲಸ ಬೇಕು. ಮುಂದೆ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮೂರು ಅಗತ್ಯಗಳನ್ನು ಗುರುತಿಸಿದರು: ಸ್ವಂತ ನಿರ್ಧಾರ, ಕೈಯಲ್ಲಿನ ಕಸುಬು, ಜೊತೆಯವರ ನಂಟು. ಕಲ್ಯಾಣದ ಕಥೆಗಳಲ್ಲಿ ಮೂರೂ ಕಾಣುತ್ತವೆ. ಹಾಗೆಂದು ಬಸವಣ್ಣನವರೇ ಹೆಚ್‌ಆರ್ ಶಾಸ್ತ್ರ ಕಂಡುಹಿಡಿದರು ಎಂಬ ಹೊಸ ಫಾರ್ವರ್ಡ್ ಮಾಡಬೇಡಿ. ಅವರ ಗುರಿ ಉತ್ಪಾದನೆ ಹೆಚ್ಚಿಸುವುದಾಗಿರಲಿಲ್ಲ, ಮನುಷ್ಯರು ಸಮಾನರಾಗಿ ಬಾಳುವುದಾಗಿತ್ತು.

ಕೊನೆಗೆ ಏನಾಯಿತು?

ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಸಂಪ್ರದಾಯಸ್ಥರು ಸಿಡಿದೆದ್ದರು. ಬಿಜ್ಜಳ ಇಬ್ಬರು ತಂದೆಯರಿಗೂ ಘೋರ ಮರಣದಂಡನೆ ಕೊಟ್ಟ. 1167-68ರ ಹೊತ್ತಿಗೆ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು. ಈ ಸಂಘರ್ಷದ ಕಾಲದಲ್ಲೇ ಬಸವಣ್ಣನವರು ಕಲ್ಯಾಣ ತೊರೆದು ಕೂಡಲಸಂಗಮಕ್ಕೆ ಹೋದರು, ಅಲ್ಲೇ ಐಕ್ಯರಾದರು.

ಇದರಲ್ಲಿ ಇತಿಹಾಸವೆಷ್ಟು, ಪುರಾಣವೆಷ್ಟು ಎಂದು ನೀವು ಕೇಳಬಹುದು. 1260ರ ಅರ್ಜುನವಾಡ ಶಾಸನದಲ್ಲಿ ಬಸವಣ್ಣನವರ ಹೆಸರಿದೆ. ಜೀವನದ ವಿವರಗಳು ಬಹುಪಾಲು ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥ ಮತ್ತು ಭೀಮಕವಿಯ ಪುರಾಣಗಳು, ಶೂನ್ಯಸಂಪಾದನೆ ಮುಂತಾದ ನಂತರದ ಕೃತಿಗಳಿಂದ ಬಂದವು.

ಹಾಗಾದರೆ ಓದುಗರಿಗೆ ನಮ್ಮ ಉತ್ತರ

ಚಿತ್ರದಲ್ಲಿನ ಮಾತು ಶರಣರದ್ದೇ, ಆದರೆ ಬಸವಣ್ಣನವರದ್ದಲ್ಲ. ಅದರ ಕೆಳಗಿನ ಉಪದೇಶ ಶರಣರದ್ದೂ ಅಲ್ಲ. ರಾಜ್ಯದ ದೊಡ್ಡ ಹುದ್ದೆಯಲ್ಲಿದ್ದೂ ಅದಕ್ಕೆ ಅಂಟಿಕೊಳ್ಳದವರ ಚಿತ್ರ ತೋರಿಸಿ, ಬಾಯಿ ಮುಚ್ಚಿ ದುಡಿಯಿರಿ ಎನ್ನುವುದು ಸರಿಯಲ್ಲ. ವಾರದ ರಜೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಕಾರ್ಖಾನೆ ಕಾರ್ಮಿಕರಿಗೆ ಕಾನೂನೇ ಕೊಟ್ಟ ಹಕ್ಕು. ಅದನ್ನು ಕೇಳಿದರೆ ಕಾಯಕಕ್ಕೆ ಕುಂದಿಲ್ಲ.

ಮುಂದಿನ ಬಾರಿ ಆ ಚಿತ್ರ ಬಂದರೆ, ಅದರ ಜೊತೆ ಮಾರಯ್ಯ ಮತ್ತು ಲಕ್ಕಮ್ಮನ ಹೆಸರನ್ನೂ ಸೇರಿಸಿ ಕಳಿಸಿ.